ಆಷಾಢದಲ್ಲಿ ಬಂದ ಕಣ್ಣು

ಮಾಜಿವಾಡಾ, ಠಾಣೆ
೨೭ ಜೂನ್ ೨೦೨೫

ಪ್ರೀತಿಯ ಅತ್ತೆ,

ಮೊನ್ನೆ ಬದಲಾಪುರದಲ್ಲಿ ಲೋಕಲ್ ಹತ್ತಿದವಳು ಕಲ್ಯಾಣದವರೆಗೂ ಅತ್ತೆ. ನೋಡಿ, ನಿಮ್ಮನ್ನು ಕರೆಯುವ ಮಾತೂ ನಾನು ಅತ್ತ ಮಾತೂ ಒಂದೇ ಆಗಿಬಿಟ್ಟಿದೆ! ಕಲ್ಯಾಣದಲ್ಲಿ ಪಕ್ಕದ ಹೆಂಗಸು ತನ್ನ ಕರ್ಚೀಫು ಕೊಟ್ಟು, ‘ಹೊಸ ಮದುವೆಯಾ?’ ಎಂದು ಮರಾಠಿಯಲ್ಲಿ ಕೇಳಿದಳು. ಹೌದೆಂದೆ. ‘ಗಂಡ ಹೊಡೆದನಾ?’ ಎಂದಳು. ‘ಇಲ್ಲ, ಆಷಾಢ ಬಂತು’ ಎಂದೆ. ಆಷಾಢ ಅಂದರೆ ಯಾರಪ್ಪ ಎನ್ನುವ ಹಾಗೆ ನನ್ನ ಮುಖ ನೋಡಿದಳು.

ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಮುಖ ನೋಡಬಾರದು ಎಂದು ತವರಿಗೆ ಕಳಿಸಿದಿರಿ. ಸರಿ. ಆದರೆ ಫೋನೂ ಬೇಡವೇ? ‘ದನಿ ಕೇಳಿದರ ಮುಖ ಕಂಡಂಗ. ಕಾಗದಾ ಬರಿ, ಅದಕ್ಕ ಮುಖಾನೂ ಇಲ್ಲ, ದನೀನೂ ಇಲ್ಲ’ ಎಂದಿರಿ. ಆದ್ದರಿಂದ ಬರೆಯುತ್ತಿದ್ದೇನೆ. ಇಂಗ್ಲಿಷ್ ಮೀಡಿಯಮ್ಮಿನ ಹುಡುಗಿ, ಅಪ್ಪನ ಹೋಟೆಲಿನ ಇಡ್ಲಿ ವಡೆ ಬೋರ್ಡು ಓದಿ ಕನ್ನಡ ಕಲಿತವಳು. ತಪ್ಪಿದ್ದರೆ ನಕ್ಕುಬಿಡಿ. ನಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಪ್ರೇಮನಾಥಣ್ಣ ದಿನಾ ಬದಲಾಪುರದಿಂದಲೇ ಬರುವವರಲ್ಲವೇ, ಅವರೇ ನಮ್ಮ ಅಂಚೆಯಣ್ಣ.

ನಿಮ್ಮ ಮಗ ಮನೀಶ್ ಗುಜರಾತಿನ ಪ್ಲಾಂಟಿನಲ್ಲಿ ಬಾಯ್ಲರುಗಳ ನಡುವೆ, ಜುಲೈ ಮುಗಿಯುವವರೆಗೆ. ನಾನು ಇಲ್ಲಿ. ನೀವು ಅಲ್ಲಿ ಒಬ್ಬರೇ. ಅದೇ ನನಗೆ ಹೆದರಿಕೆ, ಅತ್ತೆ. ಮದುವೆಯಾಗಿ ನಿಮ್ಮ ಜೊತೆ ಇದ್ದ ಆ ಒಂದು ತಿಂಗಳು ನಾನು ಸುಮ್ಮನೆ ಇರಲಿಲ್ಲ, ನೋಡುತ್ತಿದ್ದೆ. ಆ ನಕಲಿ ಒಡವೆಗಳಿಗೆ ಹರಳು ಅಂಟಿಸುವಾಗ ಮೂಗಿನ ಹತ್ತಿರ ಹಿಡಿಯುತ್ತೀರಿ. ನನಗೆ ಚಹಾ ಬಗ್ಗಿಸುವಾಗ ಕಪ್ಪಿನ ಹೊರಗೇ ಹೋಯಿತು. ‘ಕಪ್ಪು ಸರಿದಿತ್ತು’ ಎಂದಿರಿ. ಕಪ್ಪು ನನ್ನ ಕೈಯಲ್ಲಿತ್ತು.

ಇದರ ಜೊತೆ ಗಾಜಿನ ಬಾಟಲಿಯಲ್ಲಿ ಹಳದಿ ಗುಳಿಗೆ ಕಳಿಸುತ್ತಿದ್ದೇನೆ. ಕಣ್ಣಿಗೆ ಅಮೃತ! ಲ್ಯಾಪ್‌ಟಾಪು ನೋಡಿ ನನ್ನ ಕಣ್ಣು ಉರಿಯುತ್ತಿದ್ದಾಗ ಚಿಕ್ಕಮ್ಮನ ಮಗಳು ಜಯಲತಾ ಕೊಟ್ಟಿದ್ದಳು, ಹೂವಿನ ಹಾಗೆ ಆಯಿತು. ನಾನು ಎಷ್ಟೋ ಓದಿದ್ದೇನೆ, ಎಲ್ಲ ಇಂಗ್ಲಿಷಿನಲ್ಲಿ. ಊಟವಾದ ಮೇಲೆ ದಿನಕ್ಕೊಂದು ನುಂಗಿ. ನನಗಾಗಿ. ಪ್ಲೀಸ್.

ನಿಮ್ಮ ಸೊಸೆ, ನಿಮ್ಮನ್ನು ಬಿಟ್ಟು ಇರಲಾರದ
ಅಪರ್ಣಾ

*

ಬದಲಾಪುರ
೧ ಜುಲೈ ೨೦೨೫

ಅಪರ್ಣಾಗ ಗುರಮ್ಮನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಮೂರು ಸರ್ತಿ ಓದಿದೆ. ಅಷ್ಟ ಪ್ರೀತಿ ಒಮ್ಮೆಲೆ ಬರದರ ಮುಂದ ಏನ ಉಳೀತೈತಿ? ಸ್ವಲ್ಪ ದೀಪಾವಳಿಗೆ ಇಟ್ಟಕೊ.

ಗುಳಿಗಿ ಎದರದ ಅಂತ ಬರದಿಲ್ಲ. ಬಾಟಲಿ ಮ್ಯಾಲಿನ ಚೀಟಿ ಯಾಕ ಕಿತ್ತೀದಿ? ಇರಲಿ. ನುಂಗಾಕ ಹತ್ತೀನಿ.

ಕಣ್ಣಿಗೆ ಅಂಥಾದ್ದೇನ ಆಗಿಲ್ಲ. ವಯಸ್ಸು. ಸಂಜಿ ಆತಂದ್ರ ಮಂಜ ಬಿದ್ದಂಗ ಆಗತೈತಿ. ಸ್ಟೇಶನ್ನಿನ ದೀಪ ನೋಡಿದರ ದೀಪದ ಸುತ್ತ ಬಣ್ಣಬಣ್ಣದ ಬಳಿ ತೊಡಸಿದಂಗ ಕಾಣತೈತಿ. ಆಮ್ಯಾಲ ಬಲಗಡೆ ಹುಬ್ಬಿನ ಮ್ಯಾಲ ನೋವು. ಮಕ್ಕೊಂಡ ಎದ್ದರ ಹೋಗತೈತಿ. ಹರಳಿನ ಕೆಲಸ ಮಾಡೂ ಹೆಂಗಸರಿಗೆ ಇದೆಲ್ಲ ಇದ್ದದ್ದ. ಬರೂ ಐತವಾರ ಅಂಬರನಾಥದಾಗ ಕಣ್ಣ ತಪಾಸಣಿ ಶಿಬಿರ ಐತಂತ. ಪಕ್ಕದ ಖೋಲಿ ಜ್ಯೋತಿ ಕರಿಯಾಕ ಹತ್ಯಾಳ. ಹೋಗಿಬರಲ್ಯಾ ಹ್ಯಾಂಗ?

ಮನ್ಯಾ ದಿನಾ ಫೋನ ಮಾಡ್ತಾನ. ಅವಗ ಕಣ್ಣಿನ ಸುದ್ದಿ ಹೇಳಬ್ಯಾಡ. ಬಾಯ್ಲರ ಮುಂದ ನಿಲ್ಲಾಂವ, ಧ್ಯಾನ ಬ್ಯಾರೆ ಕಡೆ ಹೋಗಬಾರದು.

ಗುರಮ್ಮ

*

ಮಾಜಿವಾಡಾ
೪ ಜುಲೈ ೨೦೨೫

ಪ್ರೀತಿಯ, ಪ್ರೀತಿಯ ಅತ್ತೆ (ದೀಪಾವಳಿಗೂ ಇದೆ, ಚಿಂತೆ ಬೇಡ),

ಎಷ್ಟು ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದೀರಿ! ನನ್ನ ಕನ್ನಡ ಓದು ನಿಧಾನ ಎಂದು ಒಂದನೇ ಕ್ಲಾಸಿನ ಮಗುವಿಗೆ ಬರೆದ ಹಾಗೆ. ಅಮ್ಮನಿಗೆ ತೋರಿಸಿದೆ. ‘ನೋಡು, ನನ್ನ ಅತ್ತೆ ಎಷ್ಟು ಯೋಚನೆ ಮಾಡುತ್ತಾರೆ’ ಎಂದೆ. ಸಾಲುಗಳು ಬೇರೆ ಕೆಳಕ್ಕೆ ಜಾರಿ ಜಾರಿ ಹೋಗಿವೆ, ಜಾರುಬಂಡೆಯ ಹಾಗೆ.

ದೀಪಕ್ಕೆ ಬಣ್ಣದ ಬಳೆ ತೊಡಿಸಿದ ಹಾಗೆ! ಅತ್ತೆ, ನೀವು ಕವಿ! ನಾನು ಇಷ್ಟು ವರ್ಷ ಲೋಕಲ್ಲಿನಲ್ಲಿ ಓಡಾಡಿದೆ, ಒಂದು ದೀಪವೂ ನನಗೆ ಹಾಗೆ ಕಾಣಲಿಲ್ಲ. ಈ ಸಾಲನ್ನು ಮನೀಶ್‌ಗೆ ಕಳಿಸಬೇಕು ಅನ್ನಿಸಿತು, ಆದರೆ ಕಣ್ಣಿನ ಸುದ್ದಿ ಬೇಡ ಎಂದಿರಲ್ಲ, ಕಳಿಸಲಿಲ್ಲ.

ಹುಬ್ಬಿನ ನೋವು, ಮಂಜು, ಎಲ್ಲ ಕಣ್ಣು ಒಣಗಿದ್ದರಿಂದ. ನಾನು ಓದಿದ್ದೇನೆ. ಒಂದರ ಬದಲು ಎರಡು ಗುಳಿಗೆ ತಗೊಳ್ಳಿ, ಬೆಳಿಗ್ಗೆ ಒಂದು, ರಾತ್ರಿ ಒಂದು. ಎಂಥದ್ದು ಎಂದು ಕೇಳಿದಿರಿ. ಸಮುದ್ರದ ಸತ್ವ, ಅತ್ತೆ. ಉಪ್ಪೂ ಸಮುದ್ರದ್ದೇ ಅಲ್ಲವೇ, ಹಾಗೆ. ಚೀಟಿಯಲ್ಲಿ ಬರೀ ಇಂಗ್ಲಿಷಿತ್ತು, ಅದಕ್ಕೆ ಕಿತ್ತೆ.

ಶಿಬಿರಕ್ಕೆ ಮಾತ್ರ ದಯವಿಟ್ಟು ಹೋಗಬೇಡಿ. ಮಳೆಯಲ್ಲಿ ಅಷ್ಟು ಜನರ ಸಾಲಿನಲ್ಲಿ ನಿಲ್ಲಿಸಿ, ಎರಡು ನಿಮಿಷ ಟಾರ್ಚು ಬಿಟ್ಟು ಒಂದು ಕನ್ನಡಕ ಬರೆದುಕೊಡುತ್ತಾರೆ. ನನ್ನ ಅತ್ತೆಯ ಕಣ್ಣು ಅಷ್ಟು ಅಗ್ಗವೇ? ಆಷಾಢ ಮುಗಿದ ಮಾರನೇ ದಿನ ನಾನೇ ನಿಮ್ಮನ್ನು ನವಿ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಜಗಳವಾಡಿ ಒಂದೊಂದನ್ನೂ ಕೇಳಿ ತಿಳಿದುಕೊಳ್ಳುತ್ತೇನೆ. ಆಮೇಲೆ ಇಬ್ಬರೂ ವಾಶಿಯಲ್ಲಿ ಐಸ್‌ಕ್ರೀಮು. ಪ್ರಾಮಿಸ್ ಮಾಡಿ.

ನಿಮ್ಮ
ಅಪರ್ಣಾ

*

ಬದಲಾಪುರ
೯ ಜುಲೈ ೨೦೨೫

ಅಪರ್ಣಾಗ ಆಶೀರ್ವಾದ.

ಶಿಬಿರಕ್ಕ ಹೋಗಲಿಲ್ಲ. ನೀ ಬ್ಯಾಡಂದಿ.

ಕಣ್ಣ ಬಂದಾವ. ಮೊದಲ ಬಲಗಣ್ಣ ಬಂತು. ಎಡಗಣ್ಣ ಇನ್ನೂ ಇಲ್ಲ. ಹರಳಿನ ಕೆಲಸ ಸದ್ಯ ಬಿಟ್ಟೀನಿ. ಜ್ಯೋತಿ ಅಡಗಿ ಮಾಡಿ ಕೊಡತಾಳ. ಗುಳಿಗಿ ಎರಡೂ ಹೊತ್ತು ನುಂಗತೀನಿ.

ಭಾಳ ಬರಿಯಾಕ ಆಗೂದಿಲ್ಲ. ಚಿಂತಿ ಮಾಡಬ್ಯಾಡ.

ಗುರಮ್ಮ

*

ಮಾಜಿವಾಡಾ
೧೧ ಜುಲೈ ೨೦೨೫

ಅತ್ತೆ! ಅತ್ತೆ! ಅತ್ತೆ!

ಕಣ್ಣು ಬಂತೇ! ಪ್ರೇಮನಾಥಣ್ಣ ಕಾಗದ ಕೈಗಿಟ್ಟಾಗ ನಾನು ಹೋಟೆಲಿನ ಅಡಿಗೆಮನೆಯ ಬಾಗಿಲಲ್ಲಿದ್ದೆ. ಓದಿ ಕಿರುಚಿದ್ದಕ್ಕೆ ದೋಸೆ ಹುಯ್ಯುವವರು ಸೌಟು ಬೀಳಿಸಿದರು. ಅಪ್ಪ ಓಡಿ ಬಂದು, ‘ಏನು, ಬಸುರಿಯಾ?’ ಎಂದರು. ಎಲ್ಲರ ಮುಂದೆ! ‘ಇಲ್ಲ ಅಪ್ಪ, ಅತ್ತೆಗೆ ಕಣ್ಣು ಬಂತು’ ಎಂದೆ. ಅಪ್ಪನಿಗೂ ಕಣ್ಣು ತುಂಬಿತು. ‘ಹಾಗಾದರೆ ಶೀರಾ ಮಾಡಿಸು’ ಎಂದರು. ನಿನ್ನೆ ಮಧ್ಯಾಹ್ನ ನಮ್ಮ ಹೋಟೆಲಿಗೆ ಬಂದವರಿಗೆಲ್ಲ ಒಂದೊಂದು ಚಮಚ ಶೀರಾ, ಬದಲಾಪುರದ ಗುರಮ್ಮನವರ ಕಣ್ಣಿನ ಹೆಸರಲ್ಲಿ. ಒಬ್ಬ ರಿಕ್ಷಾದವನು ಎರಡು ಸಲ ತಿಂದ.

ಮೊದಲು ಬಲಗಣ್ಣು. ಎಡಗಣ್ಣೂ ಬರುತ್ತದೆ, ನೋಡುತ್ತಿರಿ! ನಾನು ಹೇಳಲಿಲ್ಲವೇ? ನಿಮ್ಮ ಮಗ ನನ್ನನ್ನು ‘ಅರ್ಧ ಡಾಕ್ಟರ್’ ಎಂದು ಹಾಸ್ಯ ಮಾಡುತ್ತಿದ್ದರಲ್ಲ, ಈಗ ಬರಲಿ, ಹೇಳುತ್ತೇನೆ. ಅವರಿಗೆ ಇದನ್ನು ತಿಳಿಸಿಲ್ಲ. ಊರಿಗೆ ಬಂದ ದಿನ ನೀವೇ ಸೂಜಿಗೆ ದಾರ ಪೋಣಿಸಿ ತೋರಿಸಿ, ಅವರ ಮುಖ ನೋಡಬೇಕು.

ಹರಳಿನ ಕೆಲಸ ಬಿಟ್ಟದ್ದು ಒಳ್ಳೆಯದಾಯಿತು. ಹೊಸ ಕಣ್ಣಿಗೆ ಸ್ವಲ್ಪ ರಜೆ ಕೊಡಿ. ಇನ್ನೂ ಎರಡು ಬಾಟಲಿ ಕಳಿಸುತ್ತಿದ್ದೇನೆ. ನಿಲ್ಲಿಸಬೇಡಿ.

ಕುಣಿಯುತ್ತಿರುವ
ಅಪರ್ಣಾ

*

ಮಾಜಿವಾಡಾ
೧೭ ಜುಲೈ ೨೦೨೫

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಬರಲಿಲ್ಲ. ಪ್ರೇಮನಾಥಣ್ಣನ ತಾಯಿಗೆ ಸೀರಿಯಸ್ ಎಂದು ಅವರು ಕಾರ್ಕಳಕ್ಕೆ ಹೋದವರು ಇನ್ನೂ ಬಂದಿಲ್ಲ. ನಿಮ್ಮ ಕಾಗದ ಅವರ ಮನೆಯಲ್ಲೇ ಕೂತಿದೆಯೋ, ನೀವು ಬರೆದೇ ಇಲ್ಲವೋ ಗೊತ್ತಿಲ್ಲ. ಇದನ್ನು ಬರೆದು ಇಡುತ್ತಿದ್ದೇನೆ, ಅವರು ಬಂದಾಗ ಕೊಡುತ್ತೇನೆ.

ಮನೀಶ್ ಹತ್ತಿರ ಕೇಳಿದೆ. ‘ಅವ್ವ ಆರಾಮ ಅದಾಳ, ದನಿ ಮಾತ್ರ ಸಣ್ಣ ಆಗೈತಿ’ ಎಂದರು. ಯಾಕೆ ಸಣ್ಣ, ಅತ್ತೆ?

ಇನ್ನೊಂದು ಕೆಟ್ಟ ಸುದ್ದಿ. ನಿಮ್ಮ ಆಷಾಢ ಇಪ್ಪತ್ತನಾಲ್ಕಕ್ಕೆ ಅಮಾವಾಸ್ಯೆಯ ದಿನ ಮುಗಿಯುತ್ತದೆ ಎಂದು ನಾನು ಬ್ಯಾಗು ತುಂಬಲು ಶುರು ಮಾಡಿದ್ದೆ. ಅಮ್ಮ ಅದನ್ನು ಖಾಲಿ ಮಾಡಿ ಕಪಾಟಿನಲ್ಲಿಟ್ಟರು. ತುಳುವರ ಆಟಿ ತಿಂಗಳು ಇವತ್ತು ಶುರುವಂತೆ. ಹೊಸ ಮದುಮಗಳು ಆಟಿ ಮುಗಿಯುವವರೆಗೆ, ಅಂದರೆ ಆಗಸ್ಟ್ ಹದಿನಾರರವರೆಗೆ, ತವರಿನಲ್ಲೇ ಕೂರಬೇಕಂತೆ. ‘ಅವರ ಆಷಾಢಕ್ಕೆ ಮರ್ಯಾದೆ ಕೊಟ್ಟೆವು, ನಮ್ಮ ಆಟಿಗೆ ಅವರು ಕೊಡಲಿ’ ಎಂದರು. ನಾನು ಜಗಳವಾಡಿದೆ. ಒಂದೇ ಮಳೆ, ಎರಡು ಕ್ಯಾಲೆಂಡರ್, ನಡುವೆ ನಾನು. ಅಪ್ಪ ಪೇಪರಿನ ಹಿಂದೆ ಅವಿತುಕೊಂಡರು.

ಎಡಗಣ್ಣು ಬಂತೇ? ಒಂದೇ ಸಾಲು ಬರೆಯಿರಿ. ಯಾಕೋ ಇವತ್ತು ನನಗೆ ಕುಣಿಯಲು ಆಗುತ್ತಿಲ್ಲ.

ಅಪರ್ಣಾ

*

ಬದಲಾಪುರ
೨೦ ಜುಲೈ ೨೦೨೫

ಅಪರ್ಣಾಗ ಆಶೀರ್ವಾದ. ನಾ ಹೇಳತೀನಿ, ಜ್ಯೋತಿ ಬರೀತಾಳ.

ಪ್ರೇಮನಾಥ ಊರಿಂದ ಬಂದಾನ, ನಾಳೆ ಮುಂಜಾನೆ ಠಾಣೆಕ್ಕ ಹೊಂಟಾನ, ಅದಕ್ಕ ಬರಸಾಕ ಹತ್ತೀನಿ. ಶೀರಾ ಹಂಚೀದಿ ಅಂತ ಜ್ಯೋತಿ ಓದಿ ಹೇಳಿದಾಗ ನಕ್ಕೆ. ಭಾಳ ದಿವಸದ ಮ್ಯಾಲ ನಕ್ಕೆ. ನಿಮ್ಮಪ್ಪಗ ನಮಸ್ಕಾರ ಹೇಳು. ನಾನು ಆರಾಮ ಅದೀನಿ. ಅಮಾವಾಸಿ ಆದಮ್ಯಾಲ ದವಾಖಾನಿ ನೋಡೂಣು, ಅವಸರಾ ಇಲ್ಲ. ಮನೀಶಗ ಏನೂ ಹೇಳಬ್ಯಾಡ.

ಗುರಮ್ಮ

ಅಪರ್ಣಾ ವಹಿನಿ, ಇದರ ಕೆಳಗಿಂದು ನಾ ಜ್ಯೋತಿ ಬರಿಯಾಕ ಹತ್ತೀನಿ, ಗುರಮ್ಮ ಮಾವಶಿಗೆ ಗೊತ್ತಿಲ್ಲ. ನಿಮಗ ತಿಳುವಳಿಕಿ ತಪ್ಪೇತಿ. ಕಣ್ಣ ಬಂದಾವ ಅಂದ್ರ ಕಾಣಾಕ ಹತ್ಯಾವ ಅಂತಲ್ಲ. ಕೆಂಪಾಗಿ ಬಾತು ಉರೀತಾವಲ್ಲ, ಮರಾಠ್ಯಾಗ ‘ಡೋಳೆ ಆಲೇ’ ಅಂತಾರಲ್ಲ, ಅದು. ಮಳಿಗಾಲದಾಗ ಎಲ್ಲಾರಿಗೂ ಬರ್ತಾವ ಅಂತ ಮಾವಶಿ ಮೆಡಿಕಲ್ಲಿನ ಡ್ರಾಪ್ಸ ಹಾಕ್ಕೊಂಡ ಕುಂತಾರ. ಆದರ ಇದು ಅದಲ್ಲ ಅನ್ನಸತೈತಿ. ತಲಿ ಒಡಿಯೂವಂಥ ನೋವು, ಎರಡು ದಿವಸ ವಾಂತಿ ಮಾಡ್ಯಾರ. ಈಗ ನೋವು ಕಮ್ಮಿ, ಖರೆ ಬಲಗಣ್ಣಿನ ಮುಂದ ನಾ ಬಟ್ಟ ಹಿಡದರ ಎಷ್ಟ ಅಂತ ಹೇಳಾಕ ಆಗವಲ್ದು. ಬೆಳಕ ಅಷ್ಟ ಗೊತ್ತಾಗತೈತಿ. ನಿಮಗ ಖುಷಿ ಆಗೇತಿ, ಅದನ್ನ ಮುರೀಬ್ಯಾಡ ಅಂತ ನನ್ನ ಬಾಯಿ ಮುಚ್ಚಸ್ಯಾರ. ನನ್ನ ನಂಬರ ಹಿಂದ ಬರದೀನಿ. ಫೋನ ಮಾಡ್ರಿ ವಹಿನಿ. ಬೇಗ.

*

ಕಲ್ಯಾಣ, ಕಣ್ಣಿನ ಆಸ್ಪತ್ರೆ
೨೧ ಜುಲೈ ೨೦೨೫, ಮಧ್ಯಾಹ್ನ

ಅತ್ತೆ,

ಬೆಂಚಿನ ಆ ತುದಿಯಲ್ಲಿ ನೀವು, ಈ ತುದಿಯಲ್ಲಿ ನಾನು, ನಡುವೆ ಜ್ಯೋತಿ. ನೀವು ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದೀರಿ, ನಾನು ಗೋಡೆ ನೋಡುತ್ತಿದ್ದೇನೆ. ನೀವು ಮಾತಾಡಬೇಡ ಎಂದಿರಿ, ಆಡುತ್ತಿಲ್ಲ. ಔಷಧದ ಚೀಟಿಯ ಹಿಂದೆ ಬರೆಯುತ್ತಿದ್ದೇನೆ, ಜ್ಯೋತಿ ನಿಮ್ಮ ಕಿವಿಯಲ್ಲಿ ಓದುತ್ತಾಳೆ.

ಬೆಳಿಗ್ಗೆ ಜ್ಯೋತಿಗೆ ಫೋನು ಮಾಡಿ ನಿಮ್ಮನ್ನು ಇಲ್ಲಿಗೆ ಕರೆತರಲು ಹೇಳಿದವಳು ನಾನೇ. ಚಪ್ಪಲಿ ಹಾಕುವಾಗ ಅಮ್ಮ ಬಾಗಿಲಲ್ಲಿ ಅಡ್ಡ ನಿಂತು, ‘ಆಟಿಯಲ್ಲಿ ಹೋದರೆ ಏನಾದರೂ ಆದೀತು’ ಎಂದರು. ‘ಆಗಿಬಿಟ್ಟಿದೆ ಅಮ್ಮ’ ಎಂದೆ. ಸರಿದು ದಾರಿ ಬಿಟ್ಟರು.

ಡಾಕ್ಟರು ನನ್ನನ್ನು ಒಳಗೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಇಂಗ್ಲಿಷು ಇವತ್ತು ಪೂರ್ತಿ ಕೆಲಸಕ್ಕೆ ಬಂತು. ಒಂದು ಮಾತೂ ಅರ್ಥವಾಗದೆ ಉಳಿಯಲಿಲ್ಲ. ಕಣ್ಣಿನೊಳಗೆ ನೀರು ಹುಟ್ಟುತ್ತಿರುತ್ತದಂತೆ, ಅದು ಹೊರಗೆ ಹೋಗುವ ಸಣ್ಣ ಮೋರಿ ಇರುತ್ತದಂತೆ. ನಿಮ್ಮ ಬಲಗಣ್ಣಿನ ಮೋರಿ ಕಟ್ಟಿಕೊಂಡಿತು. ಒತ್ತಡ ಏರಿ ಹಿಂದಿನ ನರವನ್ನು ಕೊಂದಿತು. ದೀಪದ ಸುತ್ತ ಬಣ್ಣದ ಬಳೆ, ಹುಬ್ಬಿನ ನೋವು, ಅದೆಲ್ಲ ಕಣ್ಣು ಬಾಗಿಲು ಬಡಿಯುತ್ತಿದ್ದದ್ದು. ನಾನು ನಿಮ್ಮನ್ನು ಕವಿ ಎಂದೆ.

ಬಲಗಣ್ಣು ಇನ್ನು ಬರುವುದಿಲ್ಲ, ಅತ್ತೆ. ನೋವು ಇಳಿಯಲು ಔಷಧ ಕೊಡುತ್ತಾರೆ, ಅಷ್ಟೇ.

ಶಿಬಿರಕ್ಕೆ ಹೋಗಿದ್ದರೆ ಎಂದು ಕೇಳಿದೆ. ಬರೀ ಟಾರ್ಚಿನಲ್ಲೇ ಅನುಮಾನ ಬರುತ್ತಿತ್ತು ಎಂದರು. ಗುಳಿಗೆಯ ಬಾಟಲಿ ತೋರಿಸಿದೆ. ‘ಇದು ಕಣ್ಣು ಕೆಡಿಸಲಿಲ್ಲ, ಒಣಗಿದ ಕಣ್ಣಿಗೆ ಕೆಲವರು ತಗೊಳ್ಳುತ್ತಾರೆ. ನಿಮ್ಮ ಅತ್ತೆಯದು ಒಣಗಿದ ಕಣ್ಣಲ್ಲ. ಇದನ್ನು ನಂಬಿ ಕಾದಿರಿ, ಅಷ್ಟೇ’ ಎಂದರು. ಅದು ಮೀನಿನ ಎಣ್ಣೆ, ಅತ್ತೆ. ಕೊರಳಲ್ಲಿ ಲಿಂಗ ಇರುವವರ ಮನೆಗೆ ಮೀನು ತರುವುದಿಲ್ಲ ಎಂದು ಮದುವೆಗೆ ಮೊದಲು ನಿಮಗೆ ಮಾತು ಕೊಟ್ಟಿದ್ದೆ. ಚೀಟಿ ಕಿತ್ತದ್ದು ಇಂಗ್ಲಿಷಿಗಲ್ಲ, ಮೀನಿನ ಚಿತ್ರಕ್ಕೆ.

ಈಗ ಕೇಳಿ. ಎಡಗಣ್ಣಿನ ಮೋರಿಯೂ ಅಷ್ಟೇ ಇಕ್ಕಟ್ಟು. ಯಾವಾಗ ಬೇಕಾದರೂ ಕಟ್ಟಬಹುದು. ಇವತ್ತೇ ಲೇಸರಿನಿಂದ ಕೂದಲೆಳೆಯಷ್ಟು ತೂತು ಮಾಡಿದರೆ ಉಳಿಯುತ್ತದೆ. ಹೂಂ ಅನ್ನಿ. ನಿಮ್ಮ ಕಾಲು ಹಿಡಿಯುತ್ತೇನೆ. ಮುಖ ನೋಡದೆಯೂ ಕಾಲು ಹಿಡಿಯಬಹುದು.

ಅಪರ್ಣಾ

*

ಕಲ್ಯಾಣ, ಅದೇ ದಿನ

ಅಪರ್ಣಾಗ. ಜ್ಯೋತಿ ಬರೀತಾಳ. ನಾ ಹೇಳಿದ್ದ ಹಂಗ ಬರಿ ಅಂತ ಆಣಿ ಹಾಕಿಸೀನಿ.

ಮೀನಂತ ನನಗ ಗೊತ್ತಿತ್ತು. ಎರಡನೇ ಗುಳಿಗಿ ಬಾಯಾಗ ಒಡೀತು. ಬದಲಾಪುರ ಸ್ಟೇಶನ್ನಿನ ಮೆಟ್ಟಲ ಮ್ಯಾಲ ಬೆಸ್ತರ ಹೆಂಗಸರು ಮೀನ ಮಾರತಾರ. ಅಷ್ಟ ವರ್ಷ ಮೂಗ ಮುಚ್ಚಿಗೊಂಡ ದಾಟಿದಾಕಿ ನಾ, ನನಗ ಆ ವಾಸನಿ ಗೊತ್ತಾಗೂದಿಲ್ಲ?

ಗೊತ್ತಿದ್ದೂ ನುಂಗಿದೆ. ಸೊಸಿ ಮ್ಯಾಲಿನ ಪ್ರೀತಿಗೆ ನುಂಗಿದ್ಲು ಅಂತ ತಿಳೀಬ್ಯಾಡ. ಹರಳ ಕಾಣವಲ್ದಾಗಿತ್ತು. ಮನ್ಯಾ ಮೊಬಾಯಿಲದಾಗ ತನ್ನ ಫೋಟೊ ತೋರಿಸಿದರ, ಚಂದ ಅದೀಯಪಾ ಅಂತಿದ್ದೆ. ನನಗ ಬಿಳೇ ಅಂಗಿ ಅಷ್ಟ ಕಾಣತಿತ್ತು. ನನಗ ಕಣ್ಣ ಬೇಕಾಗಿದ್ದುವು. ಲಿಂಗಕ್ಕ ಕೈ ಮುಗದು, ತಪ್ಪಾತು ತಪ್ಪಾತು ಅನಕೋತ ಎರಡೂ ಹೊತ್ತು ನುಂಗಿದೆ. ಧರ್ಮಾನೂ ಹೋತು, ಕಣ್ಣೂ ಹೋತು.

ಎರಡು ಕಣ್ಣ ಇದ್ದಾಗ ನಿನ್ನ ಮಾತ ಕೇಳಿದೆ. ನೀ ಶಿಬಿರಕ್ಕ ಹೋಗಬ್ಯಾಡಂದಿ, ಹೋಗಲಿಲ್ಲ. ಈಗ ಒಂದ ಉಳದೈತಿ. ಇದಕ್ಕೂ ನಿನ್ನ ಮಾತ ಕೇಳು ಅಂತೀ. ಹ್ಯಾಂಗ ಕೇಳಲಿ? ನೀ ಓದೀನಿ ಅಂದಿ. ಇವತ್ತೂ ಓದಿದವರ ಹಂಗ ಬರೀತಿ.

ಅಮಾವಾಸಿ ದಾಟಲಿ. ಮಗ ಬರಲಿ. ಅವ ಬಾಯ್ಲರ ಮುಂದ ನಿಂತಾಗ ನಾ ಇಲ್ಲಿ ಆಷಾಢದಾಗ ಸೊಸಿ ಬಾಜೂಕ ಕುಂತು ಕಣ್ಣಿಗೆ ತೂತು ಹಾಕಿಸ್ಕೊಳ್ಳೂದಿಲ್ಲ. ಕಣ್ಣ ಹೋದರ ನಂದ ಹೋಗತೈತಿ. ಅವಗೇನರ ಆತಂದ್ರ?

*

ಕಲ್ಯಾಣ, ಅದೇ ದಿನ

ಅತ್ತೆ,

ನಿಮ್ಮ ಕಾಗದ ಬರೆದುಕೊಟ್ಟು ಜ್ಯೋತಿ ಅಳುತ್ತಿದ್ದಾಳೆ. ನಾನು ಅಳುತ್ತಿಲ್ಲ, ಅಳಲು ನನಗೆ ಹಕ್ಕಿಲ್ಲ.

ನನ್ನ ಮಾತು ಕೇಳಬೇಡಿ. ನೀವು ಹೇಳಿದ್ದು ಸರಿ. ನಾನು ಓದಿದ್ದೆಲ್ಲ ನನ್ನ ಕಣ್ಣಿನದ್ದು, ನಿಮ್ಮ ಕಣ್ಣನ್ನು ನಾನು ಓದಲೇ ಇಲ್ಲ. ಡಾಕ್ಟರಿಗೆ ಮರಾಠಿ ಬರುತ್ತದೆ, ನಿಮಗೂ ಬರುತ್ತದೆ. ಅವರಿಗೂ ನಿಮಗೂ ನಡುವೆ ನಾನು ಬೇಕಾಗಿರಲಿಲ್ಲ. ನಾನೇ ಹೋಗಿ ನಡುವೆ ಕೂತೆ. ಈಗ ಏಳುತ್ತೇನೆ. ನೀವು ಒಳಗೆ ಹೋಗಿ. ಎಷ್ಟು ಪ್ರಶ್ನೆ ಇದೆಯೋ ಅಷ್ಟೂ ಕೇಳಿ. ಅಮಾವಾಸ್ಯೆಯವರೆಗೆ ಕಾಯಬಹುದಾ ಎಂದೂ ಅವರನ್ನೇ ಕೇಳಿ. ಅವರು ಕಾಯಬಹುದು ಎಂದರೆ ಕಾಯಿರಿ, ನಾನು ತುಟಿ ಬಿಚ್ಚುವುದಿಲ್ಲ.

ಒಂದು ವಿಷಯ ಮಾತ್ರ ನಾನು ಮುಚ್ಚಿಡುವುದಿಲ್ಲ, ನೀವು ಬೈದರೂ. ಈಗಷ್ಟೇ ಮನೀಶ್‌ಗೆ ಎಲ್ಲ ಹೇಳಿದೆ. ಶಿಬಿರದ್ದು, ಮೀನಿನದ್ದು, ಶೀರಾದ್ದು ಎಲ್ಲ. ‘ಅವ್ವನ ಕೈಯಾಗ ಕೊಡು’ ಎಂದರು. ‘ಅವರು ನನ್ನ ಫೋನು ಮುಟ್ಟುವುದಿಲ್ಲ’ ಎಂದೆ. ‘ಹಂಗಾರ ಜ್ಯೋತಿಗೆ ಮಾಡತೀನಿ’ ಎಂದು ಇಟ್ಟರು. ಆಮೇಲೆ ಜ್ಯೋತಿಗೆ ಮೆಸೇಜು ಕಳಿಸಿದ್ದಾರೆ, ನನಗಲ್ಲ. ಅವರು ಪ್ಲಾಂಟಿನಿಂದ ಹೊರಗೆ ಬಂದಾಗಿದೆ, ಸ್ಟೇಷನ್ನಿನ ದಾರಿಯಲ್ಲಿದ್ದಾರೆ. ಈಗ ಅವರ ಮುಂದೆ ಯಾವ ಬಾಯ್ಲರೂ ಇಲ್ಲ.

ನಾನು ಆಸ್ಪತ್ರೆಯ ಹೊರಗೆ, ರಸ್ತೆಯ ಆ ಕಡೆ ಇರುತ್ತೇನೆ. ಈ ಕಟ್ಟಡದ ಹೊಸಿಲನ್ನು ಇನ್ನು ದಾಟುವುದಿಲ್ಲ. ನಿಮ್ಮ ಎಡಗಣ್ಣು ಉಳಿದರೆ ಸಾಕು. ಅದು ನನ್ನನ್ನು ನೋಡದಿದ್ದರೂ ಸಾಕು.

ಅಪರ್ಣಾ

*

ಬದಲಾಪುರ
೨೫ ಜುಲೈ ೨೦೨೫

ಅಪರ್ಣಾಗ,

ಇದನ್ನ ನಾನ ಬರಿಯಾಕ ಹತ್ತೀನಿ. ಮನ್ಯಾ ಬ್ಯಾಡವ್ವ ಅಂತಾನ. ಕೂಡು ಸುಮ್ಮನ ಅಂದೀನಿ.

ನೀ ಎದ್ದು ಹೋದಮ್ಯಾಲ ನಾ ಒಳಗ ಹೋದೆ. ಡಾಕ್ಟರಬಾಯಿ ನನಗಿಂತ ಸಣ್ಣಾಕಿ, ನಿನ್ನ ವಯಸ್ಸಿನಾಕಿ ಇದ್ದಾಳು. ಅಮಾವಾಸಿತನ ಕಾಯಬಹುದೇನ ಅಂತ ಕೇಳಿದೆ. ‘ಆಜೀ, ನನಗ ಗೊತ್ತಿಲ್ಲ. ಇವತ್ತ ಸಂಜಿಗೂ ಕಟ್ಟಬಹುದು, ಮುಂದಿನ ವರ್ಷಾನೂ ಕಟ್ಟಬಹುದು. ಗೊತ್ತೈತಿ ಅಂತ ಹೇಳಿದರ ಸುಳ್ಳ ಆಗತೈತಿ’ ಅಂದ್ಲು. ಗೊತ್ತಿಲ್ಲ ಅನ್ನೂ ಓದಿದವರನ್ನ ನಾ ಮೊದಲನೇ ಸರ್ತಿ ನೋಡಿದೆ. ಮನ್ಯಾನೂ ಜ್ಯೋತಿ ಫೋನಿನ್ಯಾಗ ಮಾತಾಡಿದ, ನಾ ಗಾಡಿಯಾಗ ಕುಂತೀನಿ ಅಂದ. ಆಗ ಹೂಂ ಅಂದೆ. ಗದ್ದ ಒಂದ ಕಟ್ಟಿ ಮ್ಯಾಲ ಇಡಸಿದ್ಲು, ಚುರು ಚುರು ಅಂತು, ಮುಗೀತು. ಅಷ್ಟಕ್ಕ ಇಷ್ಟ ಆತು.

ಎಡಗಣ್ಣ ಉಳದೈತಿ.

ಬಲಗಣ್ಣ ಹೋಗೇತಿ. ಅದಕ್ಕೇನೂ ಆಗಿಲ್ಲ ಅಂತ ನಾ ನಿನ್ನ ಸಮಾಧಾನಕ್ಕ ಬರೀತಿದ್ದೆ ಮೊದಲಾಗಿದ್ದರ. ಇನ್ನ ಬರಿಯೂದಿಲ್ಲ. ಅಂಥಾದ್ದ ಬರದ ಬರದ ಇಷ್ಟೆಲ್ಲಾ ಆತು. ನಂದೂ ತಪ್ಪೈತಿ. ನೀ ಕುಣದಿ ಅಂತ ನಾ ಬಾಯಿ ಮುಚ್ಚಿದೆ. ಆದರ ನಿನ್ನ ತಪ್ಪ ದೊಡ್ಡದು. ಗೋಡಿಗೆ ಬಡಕೊಂಡಾಗೊಮ್ಮೆ ನಿನ್ನ ನೆನಪ ಬರತೈತಿ. ಒಳ್ಳೆ ರೀತಿಂದ ಬರೂದಿಲ್ಲ. ನಿನ್ನಿ ಹಾಲಿನ ಪಾತೇಲಿ ಬಲಗೈ ಬಡದು ಉಳ್ಳಿತು, ಕುಂತು ಅತ್ತೆ. ಮನ್ಯಾ ನಿನ್ನ ಹೆಸರ ಎತ್ತವಲ್ಲ. ನೀ ಫೋನ ಮಾಡಿದರ ಎದ್ದು ಹೊರಗ ಹೋಗಿ ಮಾತಾಡತಾನ, ಒಳಗ ಬಂದಾಗ ಮಾರಿ ಸಣ್ಣ ಆಗಿರತೈತಿ. ಗಂಡಾ ಹೆಂಡತಿ ನಡುವ ನನ್ನ ಕಣ್ಣ ಬಂದ ಕುಂತೈತಿ. ಅದು ಕುಂಡ್ರೂ ಜಾಗಾ ಅಲ್ಲ.

ಜ್ಯೋತಿ ಹೇಳಿದ್ಲು, ನೀ ಆವತ್ತ ಸಂಜಿತನ ಮಳಿಯಾಗ ರಸ್ತೆ ಆ ಕಡೆ ನಿಂತಿದ್ದಿ, ನಾವು ರಿಕ್ಷಾ ಹತ್ತೂಮುಂದ ಬೆನ್ನ ತಿರುಗಿಸಿಕೊಂಡಿ ಅಂತ. ನನಗ ಕಾಣಲಿಲ್ಲ. ಸೆರಗಿನ್ಯಾಗಿದ್ದೆ.

ನಿನ್ನಿಗೆ ಆಷಾಢ ಮುಗೀತು. ಇವತ್ತ ಶ್ರಾವಣ. ಆಗಸ್ಟತನ ನಿಮ್ಮ ಆಟಿ ಐತಿ ಅಂತ ನಿಮ್ಮವ್ವ ಮನ್ಯಾನ ಮುಂದ ಅಂದಾರಂತ. ನಿಮ್ಮವ್ವಗ ಹೇಳು, ಅವರ ಆಟಿಗೆ ನನ್ನ ಮರ್ಯಾದಿ ಐತಿ, ಆದರ ಈ ಮನ್ಯಾಗ ಜಗಳ ಅರ್ಧಕ್ಕ ನಿಂತೈತಿ, ಸೊಸಿ ಬೇಕು ಅಂತ ಹೇಳು. ಸಿಟ್ಟಾದರ ಅವರ ಕೂಡ ನಾ ಮಾತಾಡತೀನಿ.

ನೀ ಬಾ. ನಿನ್ನ ಬೈಯ್ಯೂದು ಭಾಳ ಐತಿ, ಕಾಗದದಾಗ ಹಿಡಿಯೂದಿಲ್ಲ. ಸುಮ್ಮನ ತಲಿ ಬಗ್ಗಿಸಿಕೊಂಡ ಕೇಳಬ್ಯಾಡ, ಅದು ನಿನಗ ಒಪ್ಪೂದಿಲ್ಲ. ತಿರುಗಿ ಮಾತಾಡು. ಅಳೂದಿದ್ದರ ಅಳು. ಒಂದ ದಿವಸದಾಗ ಮುಗಿಯೂದಲ್ಲ ಇದು, ಬಟ್ಟಿಬರಿ ತಗೊಂಡ ಬಾ.

ಬಂದು ನನ್ನ ಎಡಗಡೆ ಕೂಡು. ಬಲಗಡೆ ಕುಂತರ ನಿನ್ನ ಬೈಯ್ಯಾಕ ನಾ ಕುತ್ತಿಗಿ ತಿರುವಬೇಕಾಗತೈತಿ.

ಗುರಮ್ಮ